ಹಿಂಬಾಗಿಲಿನ ಗೇಲಿಕ್: ಜೋಸೆಫೀನ್ ಟೇ ಅವರ ಎರಡು ಕಾದಂಬರಿಗಳು

ಎರಡು ಮಹಾಯುದ್ಧಗಳ ನಡುವೆ ರೂಪುಗೊಂಡ ಬ್ರಿಟಿಷ್ ಪತ್ತೇದಾರಿ ಕಾದಂಬರಿಯ ಮಾತು ಬಂದಾಗ ಅಗಾಥಾ ಕ್ರಿಸ್ಟಿ, ಡೊರೊಥಿ ಸೇಯರ್ಸ್, ಮಾರ್ಜರಿ ಆಲಿಂಗ್‌ಹ್ಯಾಮ್, ನಾಯೋ ಮಾರ್ಷ್, ಜೋಸೆಫೀನ್ ಟೇ ಎಂಬ ಐವರು ಲೇಖಕಿಯರ ಹೆಸರು ಒಟ್ಟಿಗೇ ಬರುತ್ತದೆ. ಇವರ ಕೃತಿಗಳಲ್ಲಿನ ವರ್ಗಪ್ರಜ್ಞೆಯ ಬಗೆಗೆ, ಒಂಟಿ ಹೆಣ್ಣಿನ ಸ್ಥಾನಮಾನದ ಬಗೆಗೆ ಸಾಕಷ್ಟು ಚರ್ಚೆ ನಡೆದಿದೆ. ಈ ಲೇಖನದ ಪ್ರಶ್ನೆ ಬೇರೆ. ಸಾಕ್ಷ್ಯವಿಲ್ಲದೆ ಯಾವುದನ್ನೂ ಒಪ್ಪಬಾರದು ಎಂಬುದು ಈ ಪ್ರಕಾರದ ಮೂಲಧರ್ಮ. ಹಾಗಿದ್ದ ಮೇಲೆ ಇಲ್ಲಿ ಯಾರ ಮಾತು ಸಾಕ್ಷ್ಯವಾಗುತ್ತದೆ, ಯಾರ ಮಾತು ಬರಿಯ ನಗೆಗೆ ವಸ್ತುವಾಗುತ್ತದೆ?

ಕ್ರಿಸ್ಟಿಯವರಿಂದ ಆರಂಭಿಸುವುದು ಅನುಕೂಲ. ಅವರ ಎರ್ಕ್ಯೂಲ್ ಪ್ವಾರೋ ಮೊದಲ ಮಹಾಯುದ್ಧದಲ್ಲಿ ಇಂಗ್ಲೆಂಡಿಗೆ ಬಂದ ಬೆಲ್ಜಿಯನ್ ನಿರಾಶ್ರಿತ. ಅವನ ಇಂಗ್ಲಿಷಿನಲ್ಲಿ ಫ್ರೆಂಚ್ ಪದಗಳು ಅಡ್ಡಾದಿಡ್ಡಿಯಾಗಿ ನುಸುಳುತ್ತವೆ. ‘ತ್ರೀ ಆಕ್ಟ್ ಟ್ರ್ಯಾಜಿಡಿ’ ಕಾದಂಬರಿಯ ಕೊನೆಯಲ್ಲಿ ಅವನೇ ಈ ಗುಟ್ಟನ್ನು ಬಿಚ್ಚುತ್ತಾನೆ. ಬೇಕೆಂದಾಗ ಅವನು ಶುದ್ಧ ಇಂಗ್ಲಿಷನ್ನೇ ಆಡಬಲ್ಲ. ಆದರೆ ಹರಕುಮುರುಕು ಇಂಗ್ಲಿಷ್ ಕೇಳಿದ ಇಂಗ್ಲಿಷರು ಅವನನ್ನು ಕೀಳಾಗಿ ಕಾಣುತ್ತಾರೆ. ಕೀಳಾಗಿ ಕಂಡವನ ಮುಂದೆ ಎಚ್ಚರ ತಪ್ಪುತ್ತಾರೆ. ಎರಡು ಭಾಷೆಗಳ ನಡುವೆ ಬದುಕುವವರಿಗೆ ಈ ಉಪಾಯವನ್ನು ವಿವರಿಸಿ ಹೇಳಬೇಕಿಲ್ಲ. ಪರಭಾಷಿಕನ ಕುರಿತ ತಾತ್ಸಾರ ಇಲ್ಲಿ ತನಿಖೆಯ ಸಾಧನವಾಗಿದೆ. ನಗೆಪಾಟಲಾಗುವವರು ಕೊನೆಗೆ ನಕ್ಕವರೇ. ಕ್ರಿಸ್ಟಿಯವರ ಬರವಣಿಗೆಯಲ್ಲಿ ಪರದೇಶೀಯರ ಬಗೆಗಿನ ಪೂರ್ವಗ್ರಹಗಳು ಕಡಿಮೆಯೇನಲ್ಲ. ಆದರೂ ಈ ಒಂದು ಒಳನೋಟದ ಶ್ರೇಯಸ್ಸು ಅವರಿಗೆ ಸಲ್ಲಬೇಕು.

ಸೇಯರ್ಸ್ ಅವರ ‘ಫೈವ್ ರೆಡ್ ಹೆರಿಂಗ್ಸ್’ (1931) ನಡೆಯುವುದು ದಕ್ಷಿಣ ಸ್ಕಾಟ್ಲೆಂಡಿನ ಗ್ಯಾಲೋವೇ ಸೀಮೆಯಲ್ಲಿ. ಅಲ್ಲಿನ ಪೊಲೀಸರ, ಊರಜನರ ಸ್ಕಾಟ್ಸ್ ನುಡಿಯನ್ನು ಅವರು ಉಚ್ಚಾರಣೆಗೆ ತಕ್ಕ ಕಾಗುಣಿತದಲ್ಲಿ ಪುಟಗಟ್ಟಲೆ ಬರೆದಿದ್ದಾರೆ. ಓದು ತುಸು ಬಳಲಿಸುತ್ತದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಆ ಜನ ಹೇಳುವ ರೈಲಿನ ವೇಳೆ, ಸೈಕಲ್ಲಿನ ಓಡಾಟ ಎಲ್ಲವೂ ತನಿಖೆಯ ಲೆಕ್ಕಕ್ಕೆ ಸೇರುತ್ತದೆ. ನ್ಯೂಜಿಲೆಂಡಿನ ಮಾರ್ಷ್ ‘ವಿಂಟೇಜ್ ಮರ್ಡರ್’ನಲ್ಲಿ (1937) ಸುಶಿಕ್ಷಿತ ಮಾವೊರಿ ವೈದ್ಯನೊಬ್ಬನನ್ನು ಗೌರವದಿಂದಲೇ ಚಿತ್ರಿಸುತ್ತಾರೆ, ಅವನು ಸಿಟ್ಟಾದ ಗಳಿಗೆಯಲ್ಲಿ ಮಾತ್ರ ಕಥನದ ದೃಷ್ಟಿ ಅವನ ರಕ್ತದತ್ತ, ಕುಲದತ್ತ ಹೊರಳಿಬಿಡುತ್ತದೆ. ಇವರಿಬ್ಬರಲ್ಲೂ ತೊಡಕುಗಳಿವೆ, ಆದರೆ ಅವು ಹೊರಗಿನಿಂದ ನೋಡುವವರ ತೊಡಕುಗಳು. ಟೇ ಅವರ ವಿಷಯ ಹಾಗಲ್ಲ.

ಜೋಸೆಫೀನ್ ಟೇ ಎಂಬುದು ಎಲಿಜಬೆತ್ ಮ್ಯಾಕಿಂಟಾಶ್ (1896–1952) ಇಟ್ಟುಕೊಂಡ ಹೆಸರು. ಗಾರ್ಡನ್ ಡೇವಿಯಟ್ ಎಂಬ ಇನ್ನೊಂದು ಹೆಸರಿನಲ್ಲಿ ಅವರು ನಾಟಕಗಳನ್ನು ಬರೆದು ಪ್ರಸಿದ್ಧರಾಗಿದ್ದರು. ಹುಟ್ಟಿದ್ದು ಸ್ಕಾಟ್ಲೆಂಡಿನ ಉತ್ತರದ ಇನ್ವರ್ನೆಸ್ ಪಟ್ಟಣದಲ್ಲಿ. ಅಲ್ಲಿ ಹಣ್ಣಿನ ಅಂಗಡಿ ಇಟ್ಟಿದ್ದ ತಂದೆ ಪಶ್ಚಿಮ ಕರಾವಳಿಯ ಆಪಲ್‌ಕ್ರಾಸ್ ಸೀಮೆಯಿಂದ ಬಂದವರು. ಅವರ ಮನೆಮಾತು ಗೇಲಿಕ್. 1872ರ ಸ್ಕಾಟ್ಲೆಂಡ್ ಶಿಕ್ಷಣ ಕಾಯಿದೆ ಈ ಭಾಷೆಗೆ ಶಾಲೆಯೊಳಗೆ ಜಾಗವನ್ನೇ ಇಡಲಿಲ್ಲ ಎಂಬುದನ್ನು ನೆನೆದರೆ, ಆ ತಲೆಮಾರಿನ ಒಬ್ಬ ವ್ಯಾಪಾರಿ ತನ್ನ ಮಕ್ಕಳ ಏಳಿಗೆಯನ್ನು ಯಾವ ಭಾಷೆಯಲ್ಲಿ ಕಂಡಿರಬಹುದೆಂದು ಊಹಿಸುವುದು ಕಷ್ಟವಲ್ಲ. ಮಗಳು ಇಂಗ್ಲೆಂಡಿನಲ್ಲಿ ದೈಹಿಕ ಶಿಕ್ಷಣದ ತರಬೇತಿ ಪಡೆದು ಅಧ್ಯಾಪಕಿಯಾದರು. ತಾಯಿ ತೀರಿಕೊಂಡ ಮೇಲೆ ಊರಿಗೆ ಮರಳಿ, 1950ರಲ್ಲಿ ತಂದೆ ಸಾಯುವವರೆಗೂ ಅವರ ಮನೆ ನೋಡಿಕೊಂಡರು. ಸಾಯುವಾಗ ತಮ್ಮ ಆಸ್ತಿಯನ್ನು ಬಿಟ್ಟುಹೋದದ್ದು ಇಂಗ್ಲೆಂಡಿನ ನ್ಯಾಷನಲ್ ಟ್ರಸ್ಟಿಗೆ.

‘ದಿ ಸಿಂಗಿಂಗ್ ಸ್ಯಾಂಡ್ಸ್’ ಅವರ ಮರಣಾನಂತರ 1952ರಲ್ಲಿ ಪ್ರಕಟವಾಯಿತು. ನರಗಳ ಬಳಲಿಕೆಯಿಂದ ರಜೆ ಪಡೆದ ಇನ್ಸ್‌ಪೆಕ್ಟರ್ ಅಲನ್ ಗ್ರ್ಯಾಂಟ್ ರಾತ್ರಿಯ ರೈಲಿನಲ್ಲಿ ಉತ್ತರಕ್ಕೆ ಬರುತ್ತಾನೆ. ಅದೇ ರೈಲಿನಲ್ಲಿ ಒಬ್ಬ ತರುಣ ಸತ್ತು ಬಿದ್ದಿರುತ್ತಾನೆ. ಅವನ ಪತ್ರಿಕೆಯ ಅಂಚಿನಲ್ಲಿ ಹಾಡುವ ಮರಳಿನ ಕುರಿತು ಕೆಲವು ಸಾಲುಗಳು. ಆ ಮರಳನ್ನು ಹುಡುಕಿಕೊಂಡು ಗ್ರ್ಯಾಂಟ್ ಹೆಬ್ರಿಡೀಸ್ ದ್ವೀಪಗಳಿಗೆ, ಅಂದರೆ ಗೇಲಿಕ್ ನಾಡಿಗೆ ಹೋಗುತ್ತಾನೆ. ಅಲ್ಲಿನ ಗಾಳಿ, ಕಡಲು ಅವನ ಕಾಯಿಲೆಯನ್ನು ಗುಣಪಡಿಸುತ್ತವೆ. ಕೊಲೆಯ ಉತ್ತರ ಮಾತ್ರ ಅಲ್ಲಿಲ್ಲ, ದೂರದ ಅರೇಬಿಯಾದಲ್ಲಿದೆ. ಗೇಲಿಕ್ ಸೀಮೆ ಈ ಕಥೆಯಲ್ಲಿ ಔಷಧಿಯೂ ಹೌದು, ಹುಸಿ ಸುಳಿವೂ ಹೌದು. ಅದರ ಹವೆಗೆ ಇರುವ ಮಾನ್ಯತೆ ಅದರ ನುಡಿಗಿಲ್ಲ.

ನುಡಿಯ ಪ್ರತಿನಿಧಿಯಾಗಿ ಟೇ ಇಟ್ಟಿರುವುದು ‘ವೀ ಆರ್ಚಿ’ ಎಂಬ ಚಳವಳಿಗಾರನನ್ನು. ಮೈಮೇಲೆ ಅಬ್ಬರದ ಕಿಲ್ಟ್, ಕೈಯಲ್ಲಿ ತನಗಿಂತ ಎತ್ತರದ ಕುರುಬಕೋಲು. ಮೊದಲು ಅವನು ಸ್ಕಾಟ್ಸ್ ನುಡಿಯ ಕವಿಗಳ ಗುಂಪಿನಲ್ಲಿದ್ದ. ಅಲ್ಲಿ ಪೈಪೋಟಿ ಹೆಚ್ಚಾದ್ದರಿಂದ ಆ ನುಡಿ ಕೆಟ್ಟ ಇಂಗ್ಲಿಷ್ ಎಂದು ಜರೆದು ಗೇಲಿಕ್‌ಗೆ ಹಾರಿದ. ಬ್ಯಾಂಕಿನ ಗುಮಾಸ್ತನೊಬ್ಬನಲ್ಲಿ ಪಾಠ ಹೇಳಿಸಿಕೊಂಡು ಈಗ ಮಹಾಕಾವ್ಯ ಬರೆಯುತ್ತಿದ್ದಾನೆ. ಇದನ್ನೆಲ್ಲ ಗ್ರ್ಯಾಂಟನಿಗೆ ಹೇಳುವವಳು ಅವನ ಬಂಧು ಲಾರಾ. ವಿಡಂಬನೆಯಾಗಿ ಇದು ಚುರುಕಾಗಿದೆ. ಭಾಷೆಯನ್ನು ವೇಷದಂತೆ ತೊಡುವವರು ಎಲ್ಲ ಭಾಷೆಗಳಲ್ಲೂ ಇದ್ದಾರೆ; ನಮ್ಮ ವೇದಿಕೆಗಳ ಮೇಲೂ ಅವರನ್ನು ಕಂಡಿದ್ದೇವೆ. ಅಹಂಭಾವವೇ ಅಪರಾಧದ ಬೇರು ಎಂಬುದು ಕಾದಂಬರಿಯ ನಿಲುವಾದ್ದರಿಂದ ಆರ್ಚಿಗೆ ಕಥೆಯಲ್ಲಿ ಒಂದು ಕೆಲಸವೂ ಇದೆ. ಅಷ್ಟಕ್ಕೇ ನಿಂತಿದ್ದರೆ ಆಕ್ಷೇಪಕ್ಕೆ ಎಡೆಯಿರಲಿಲ್ಲ.

ಆದರೆ ಲಾರಾಳ ಮಾತಿನ ನಡುವೆ ಇನ್ನೊಬ್ಬಳು ಹಾದುಹೋಗುತ್ತಾಳೆ. ಆರ್ಚಿ ಆಗಾಗ ಹಿಂಬಾಗಿಲಿಗೆ ಬಂದು ಬೆಲ್ಲಾ ಎಂಬವಳೊಡನೆ ಗೇಲಿಕ್ ಆಡಲು ನೋಡುತ್ತಾನಂತೆ. ಅವನು ಆಡುವುದು ಒಂದಕ್ಷರವೂ ಅವಳಿಗೆ ತಿಳಿಯುವುದಿಲ್ಲವಂತೆ. ಅವನಿಗೆ ತಲೆ ಸರಿಯಿಲ್ಲವೆಂದು ಅವಳ ಎಣಿಕೆಯಂತೆ. ಇಲ್ಲಿ ನಾವು ನಗಬೇಕು, ನಗುತ್ತೇವೆ ಕೂಡ. ನಕ್ಕಾದ ಮೇಲೆ ಒಂದು ಅಂಶ ಗಮನಕ್ಕೆ ಬರುತ್ತದೆ. ನಿಜವಾದ ಗೇಲಿಕ್ ಆ ಮನೆಯಲ್ಲಿಯೇ ಇದೆ, ಹಿಂಬಾಗಿಲಿನಲ್ಲಿ. ನಕಲಿ ಗೇಲಿಕ್ಕನ್ನು ಬಯಲುಮಾಡಲು ಟೇ ಅವಳನ್ನು ಸಾಕ್ಷಿಯಾಗಿ ಕರೆಯುತ್ತಾರೆ. ಆದರೆ ಅವಳ ಹೇಳಿಕೆಯನ್ನು ಯಜಮಾನಿಯ ಬಾಯಿಂದ, ಇಂಗ್ಲಿಷಿನಲ್ಲಿ ದಾಖಲಿಸುತ್ತಾರೆ. ಕೇಳಿದ ಮಾತನ್ನು ಸಾಕ್ಷ್ಯವೆಂದು ಯಾವ ಪತ್ತೇದಾರನೂ ಒಪ್ಪುವುದಿಲ್ಲ.

ಆ ಹೊತ್ತಿಗೆ ಗೇಲಿಕ್ ಎಂದರೆ ಆರ್ಚಿ ಮತ್ತು ಬೆಲ್ಲಾ ಇಬ್ಬರೇ ಆಗಿರಲಿಲ್ಲ. ಸೋರ್ಲಿ ಮ್ಯಾಕ್ಲೀನ್ ಅವರ ಗೇಲಿಕ್ ಕವಿತೆಗಳ ಮುಖ್ಯ ಸಂಕಲನ 1943ರಲ್ಲೇ ಬಂದಿತ್ತು. ಆಧುನಿಕ ಗೇಲಿಕ್ ಕಾವ್ಯದ ದಿಕ್ಕು ಬದಲಿಸಿದ ಪುಸ್ತಕ ಅದು. ಆ ಕವಿ ಹುಟ್ಟಿದ ರಾಸೇ ದ್ವೀಪ, ಆಪಲ್‌ಕ್ರಾಸ್ ದಡದಲ್ಲಿ ನಿಂತರೆ ಕಡಲಿನಾಚೆ ಎದುರಿಗೇ ಕಾಣುತ್ತದೆ. ತಂದೆಯ ಸೀಮೆಯಿಂದ ಕಣ್ಣಳತೆಯ ದೂರದಲ್ಲಿದ್ದ ಆ ಭಾಷೆಯ ಹೊಸ ಬರಹಕ್ಕೆ ಮಗಳ ಕಾದಂಬರಿಯಲ್ಲಿ ಒಂದು ಸಾಲಿನ ಜಾಗವೂ ಇಲ್ಲ.

ಇದು ಒಂದು ಪುಸ್ತಕದ ಆಕಸ್ಮಿಕವಲ್ಲ. ಟೇ ಅವರ ಅತ್ಯಂತ ಪ್ರಸಿದ್ಧ ಕೃತಿ ‘ದಿ ಡಾಟರ್ ಆಫ್ ಟೈಮ್’ (1951). 1990ರಲ್ಲಿ ಬ್ರಿಟನ್ನಿನ ಅಪರಾಧ ಕಥೆಗಾರರ ಸಂಘ ಸಿದ್ಧಪಡಿಸಿದ ನೂರು ಶ್ರೇಷ್ಠ ಕೃತಿಗಳ ಪಟ್ಟಿಯಲ್ಲಿ ಇದಕ್ಕೆ ಮೊದಲ ಸ್ಥಾನ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ಗ್ರ್ಯಾಂಟ್ ಮೂರನೆಯ ರಿಚರ್ಡನ ಮೇಲಿನ ಕೊಲೆಯ ಆರೋಪವನ್ನು ಮರುವಿಚಾರಣೆಗೆ ತೆಗೆದುಕೊಳ್ಳುತ್ತಾನೆ. ನಾಲ್ಕೂವರೆ ಶತಮಾನ ಹಿಂದಿನ ದಾಖಲೆಗಳನ್ನು ತರಿಸುತ್ತಾನೆ, ಯಾರು ಯಾರಿಂದ ಕೇಳಿ ಬರೆದರೆಂದು ಸೋಸುತ್ತಾನೆ, ರಾಜನನ್ನು ನಿರ್ದೋಷಿ ಎನ್ನುತ್ತಾನೆ. ಜನ ನಂಬಿರುವ ಸುಳ್ಳು ಇತಿಹಾಸಕ್ಕೆ ಅವನು ಕೊಡುವ ಹೆಸರು ‘ಟಾನಿಪ್ಯಾಂಡಿ’. ಅದು ವೇಲ್ಸಿನ ಗಣಿ ಊರು. 1910ರ ಮುಷ್ಕರದಲ್ಲಿ ಅಲ್ಲಿ ಸೈನ್ಯ ಗುಂಡು ಹಾರಿಸಿತೆಂಬ ನಂಬಿಕೆ ಸುಳ್ಳು. ಅಷ್ಟರಮಟ್ಟಿಗೆ ಗ್ರ್ಯಾಂಟ್ ಸರಿ. ಆದರೆ ಅಲ್ಲಿ ಮೂಗಿನಿಂದ ರಕ್ತ ಸುರಿದದ್ದಕ್ಕಿಂತ ಹೆಚ್ಚೇನೂ ಆಗಲಿಲ್ಲವೆಂಬಂತೆ ಅವನು ವಿಷಯವನ್ನು ಮುಗಿಸುತ್ತಾನೆ. ಪೊಲೀಸರೊಡನೆ ನಡೆದ ಆ ಘರ್ಷಣೆಯಲ್ಲಿ ತಲೆಗೆ ಏಟು ಬಿದ್ದು ಸ್ಯಾಮ್ಯುಯೆಲ್ ರೈಸ್ ಎಂಬ ಗಣಿ ಕಾರ್ಮಿಕ ಸತ್ತಿದ್ದ. ಮುಂದೆ ಸ್ಕಾಟ್ಲೆಂಡಿನ ವಿಗ್‌ಟೌನಿನ ಸರದಿ: 1685ರಲ್ಲಿ ಧರ್ಮನಿಷ್ಠೆಗಾಗಿ ಇಬ್ಬರು ಹೆಂಗಸರನ್ನು ಕಡಲಿನಲ್ಲಿ ಮುಳುಗಿಸಿದರೆಂಬ ನೆನಪೂ ಅಷ್ಟೇ ಲಘುವಾಗಿ ಸುಳ್ಳಿನ ಪಟ್ಟಿಗೆ ಸೇರುತ್ತದೆ. ಇಂಗ್ಲೆಂಡಿನ ರಾಜನಿಗೆ ಇಡೀ ಪುಸ್ತಕದುದ್ದದ ವಿಚಾರಣೆ. ವೇಲ್ಸಿನ ಕೂಲಿಯವರಿಗೆ, ಸ್ಕಾಟ್ಲೆಂಡಿನ ಆ ಹೆಂಗಸರಿಗೆ ಹಾಸಿಗೆಯ ಪಕ್ಕದ ಹರಟೆ.

ಇದನ್ನು ಆತ್ಮದ್ವೇಷವೆಂದು ಕರೆದು ಮುಗಿಸುವುದು ಸುಲಭ. ನಾನು ಹಾಗೆ ಕರೆಯಲು ಹಿಂಜರಿಯುತ್ತೇನೆ, ಏಕೆಂದರೆ ಲೇಖಕಿಯ ಮನಸ್ಸಿಗಿಂತ ಪ್ರಕಾರದ ಕಟ್ಟುಪಾಡು ಇಲ್ಲಿ ದೊಡ್ಡದು. ಪತ್ತೇದಾರಿ ಕಾದಂಬರಿಗೆ ಮುಂಚೆಯೇ ನಿಂತಿರುವ ಒಂದು ನೆಲೆ ಬೇಕು. ಅಲ್ಲಿ ನಿಂತು ಉಳಿದವರನ್ನು ಶಂಕಿಸಬೇಕು. ಆ ನೆಲೆ ಬಹುಸಂಖ್ಯಾತರ ಭಾಷೆಯದಾಗಿದ್ದರೆ ಸಣ್ಣ ಭಾಷೆಯ ದೂರು ಮೊದಲಿಗೇ ಅನುಮಾನದ ಪಾಲು. ಇಂಗ್ಲಿಷ್ ಮಧ್ಯಮವರ್ಗದ ಕ್ರಿಸ್ಟಿ ಪ್ವಾರೋನ ಮೂಲಕ ಈ ನೆಲೆಯನ್ನೇ ಒಮ್ಮೆ ಅಲುಗಿಸಿ ನೋಡಿದರು. ಮನೆಯಲ್ಲೇ ಎರಡನೆಯ ಭಾಷೆಯಿದ್ದ ಟೇ ಅಲುಗಿಸಲಿಲ್ಲ. ಗಡಿಯಾಚೆಯ ಕನ್ನಡ ಮನೆಗಳಲ್ಲಿ, ಮಕ್ಕಳನ್ನು ಯಾವ ಮಾಧ್ಯಮಕ್ಕೆ ಹಾಕಬೇಕೆಂಬ ಮಾತು ಬಂದಾಗಲೆಲ್ಲ ಆ ಹಣ್ಣಿನ ಅಂಗಡಿಯವನ ಲೆಕ್ಕಾಚಾರ ನಮಗೂ ಕೇಳಿಸುತ್ತದೆ.

‘ದಿ ಸಿಂಗಿಂಗ್ ಸ್ಯಾಂಡ್ಸ್’ ಕನ್ನಡಕ್ಕೆ ಬರುವುದಾದರೆ ಆರ್ಚಿಯ ಮಾತು ಅನುವಾದಕರಿಗೆ ಕಷ್ಟವಾಗದು; ಅಷ್ಟು ಅಲಂಕೃತ ಕನ್ನಡ ನಮ್ಮಲ್ಲಿ ಧಾರಾಳವಾಗಿದೆ. ತೊಡಕು ಬರುವುದು ಬೆಲ್ಲಾಳಲ್ಲಿ. ಲಾರಾ ಹೇಳುವ ಒಂದೆರಡು ವಾಕ್ಯಗಳ ಹಿಂದೆ ಅವಳು ತನ್ನ ನುಡಿಯಲ್ಲಿ ಏನೆಂದಿದ್ದಳೋ, ಮೂಲ ಪಠ್ಯದಲ್ಲಿ ಅದು ಇಲ್ಲ.