ಗಾಣರಾಣಿಯರ ಪ್ರಶ್ನೆ ಮತ್ತು ಮಸಣದ ಡಿಜೆ

ರಾಘವಾಂಕನ 'ಹರಿಶ್ಚಂದ್ರಕಾವ್ಯ'ದಲ್ಲಿ ಬರುವ ಗಾಣರಾಣಿಯರ ಪ್ರಸಂಗವು ಕನ್ನಡ ವಿಮರ್ಶೆಯಲ್ಲಿ ಮತ್ತೆ ಮತ್ತೆ ಚರ್ಚೆಗೆ ಒಳಗಾಗಿದೆ. ವಿಶ್ವಾಮಿತ್ರನ ಕೋಪದಿಂದ ಹುಟ್ಟಿದ ಹೊಲತಿಯರಿಬ್ಬರು ಅರಸನ ಮುಂದೆ ಹಾಡಿ ಕುಣಿಯುತ್ತಾರೆ. ಅರಸ ಮೆಚ್ಚಿ ಉಡುಗೊರೆ ಕೊಡಹೋದರೆ ಅದನ್ನು ಒಲ್ಲದೆ ಮುತ್ತಿನ ಸತ್ತಿಗೆಯನ್ನು ಬೇಡುತ್ತಾರೆ. ಅದು ದೊರೆಯದಾದಾಗ ತಮ್ಮನ್ನು ಮದುವೆಯಾಗೆಂದು ಕೇಳುತ್ತಾರೆ. ಅರಸ ಕುಲವನ್ನೆತ್ತಿ ಜರೆದಾಗ ಅವರು ಮುಂದಿಡುವ ವಾದ ಇಡೀ ನಡುಗನ್ನಡ ಸಾಹಿತ್ಯದಲ್ಲಿಯೇ ಅಪೂರ್ವವಾದುದು: ನಮ್ಮ ಹಾಡನ್ನು ಕೇಳಿದ ಕಿವಿಗೆ, ರೂಪನ್ನು ಕಂಡ ಕಣ್ಣಿಗೆ, ನಮ್ಮೊಡನೆ ಮಾತನಾಡಿದ ಬಾಯಿಗೆ ತಟ್ಟದ ಹೊಲೆ ಮುಟ್ಟುವ ಮೈಗೆ ಮಾತ್ರ ಹೇಗೆ ತಟ್ಟೀತು? ಅರಸನ ನಿಲುವು ನಿಂತಿರುವುದು ಸ್ಪರ್ಶವನ್ನು ಉಳಿದ ಇಂದ್ರಿಯಗಳಿಂದ ಬೇರ್ಪಡಿಸುವುದರ ಮೇಲೆಯೇ.

ಈ ಪ್ರಸಂಗವನ್ನು ಕುಲದ ಪ್ರಶ್ನೆಯಾಗಿ, ಸತ್ಯದ ಪ್ರಶ್ನೆಯಾಗಿ ನಾವು ಓದಿದ್ದೇವೆ. ಪ್ರಶ್ನೆ ಕೇಳಿದವರು ಸಂಗೀತವನ್ನು ವೃತ್ತಿಯಾಗಿ ಉಳ್ಳವರು ಎಂಬ ಸಂಗತಿ ಮಾತ್ರ ಬಹುಮಟ್ಟಿಗೆ ಹಿನ್ನೆಲೆಗೆ ಸರಿದಿದೆ. ಹಾಡು ಬೇಕು, ಹಾಡಿದವರು ಬೇಡ ಎಂಬುದು ಅವರು ಎದುರಿಸಿದ ತೀರ್ಪು. ಆ ತೀರ್ಪು ಇಂದು ಯಾರ ಮೇಲೆ ಬೀಳುತ್ತಿದೆ ಎಂಬುದನ್ನು ಕಾವ್ಯದ ಕಥೆ ಮುಗಿಯುವ ನೆಲದಲ್ಲಿಯೇ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹರಿಶ್ಚಂದ್ರನು ವೀರಬಾಹುವಿನ ಆಳಾಗಿ ಕಾದ ಮಸಣವೆಂದು ಪರಂಪರೆ ಗುರುತಿಸುವುದು ಕಾಶಿಯ ಹರಿಶ್ಚಂದ್ರ ಘಾಟನ್ನು. ಅದಕ್ಕೆ ನೆರೆಯಾಗಿ ಹಿಂದಿನ ಮೈಸೂರು ಸಂಸ್ಥಾನದ ಕರ್ನಾಟಕ ಘಾಟ್ ಇದೆ. ಹೊರನಾಡಿನಲ್ಲಿ ಕನ್ನಡದ ಹೆಸರೂ ಕನ್ನಡ ಕಾವ್ಯದ ಭೂಮಿಯೂ ಹೀಗೆ ಅಕ್ಕಪಕ್ಕದಲ್ಲಿರುವುದು ವಿರಳ. ಇಲ್ಲಿ ಡೋಮ್ ಸಮುದಾಯದವರು ಇಂದಿಗೂ ಚಿತೆಗೆ ಬೆಂಕಿ ಒದಗಿಸುತ್ತಾರೆ. ಈಚಿನ ವರ್ಷಗಳಲ್ಲಿ ರಂಗಭರಿ ಏಕಾದಶಿಯಂದು ಇಲ್ಲಿ ನಡೆಯುವ 'ಮಸಾನ್ ಹೋಳಿ' ದೇಶದ ಗಮನ ಸೆಳೆದಿದೆ. ಚಿತಾಭಸ್ಮವನ್ನು ಎರಚಿ ಆಡುವ ಈ ಹೋಳಿಯಲ್ಲಿ ಡಮರುಗಳ ಜೊತೆಗೆ ಧ್ವನಿವರ್ಧಕಗಳೂ ಮೊಳಗುತ್ತವೆ. ಛನ್ನೂಲಾಲ್ ಮಿಶ್ರ (೧೯೩೬–೨೦೨೫) ಅವರ ಕಂಠದಿಂದ ಪ್ರಸಿದ್ಧವಾದ, ಶಿವನ ಸ್ಮಶಾನಹೋಳಿಯ ಗೀತೆ ರೀಮಿಕ್ಸ್ ರೂಪದಲ್ಲಿ ಕೇಳಿಬರುತ್ತದೆ. ಇದು ಶಾಸ್ತ್ರಸಮ್ಮತವಲ್ಲವೆಂದು ಕಾಶಿಯ ಕೆಲವು ವಿದ್ವಾಂಸರು ಆಕ್ಷೇಪಿಸಿರುವುದೂ ಉಂಟು. ಮೂಲ ಗಾಯಕರಿಗೆ ೨೦೨೦ರಲ್ಲಿ ಪದ್ಮವಿಭೂಷಣ ಸಂದಿತು. ಅದೇ ಗೀತೆಯನ್ನು ಮಸಣದಲ್ಲಿ ನುಡಿಸುವವನನ್ನು 'ಡಿಜೆಯವನು' ಎಂದಷ್ಟೇ ಕರೆಯುತ್ತಾರೆ.

ಶಬ್ದದ ಇತಿಹಾಸವೇ ಇಲ್ಲಿ ಒಂದು ಸಾಕ್ಷ್ಯ. 'ಡಿಸ್ಕ್ ಜಾಕಿ' ಎಂಬ ಮಾತು ಅಮೆರಿಕದ ಬಾನುಲಿಯಲ್ಲಿ ಹುಟ್ಟಿ ಧ್ವನಿಮುದ್ರಿಕೆಗಳನ್ನು ನುಡಿಸುವ ವ್ಯಕ್ತಿಯನ್ನು ಸೂಚಿಸುತ್ತಿತ್ತು. ಜಮೈಕಾದಲ್ಲಿ ಮುದ್ರಿಕೆಯನ್ನು ಆಯುವವನು ಸೆಲೆಕ್ಟರ್, ಅದರ ಮೇಲೆ ಮಾತು ಕಟ್ಟುವವನು ಡಿಜೆ. ೧೯೭೩ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕೂಲ್ ಹರ್ಕ್ ನುಡಿಸಿದ ಒಂದು ಸಂಜೆಯನ್ನು ಹಿಪ್‌ಹಾಪ್‌ನ ಜನ್ಮದಿನವೆಂದು ಎಣಿಸುತ್ತಾರೆ. ಅಲ್ಲೆಲ್ಲ ಈ ಶಬ್ದಕ್ಕೆ ಹಿಂದೆ ಒಬ್ಬ ಮನುಷ್ಯನಿದ್ದಾನೆ. ನಮ್ಮಲ್ಲಿ ಹಾಗಲ್ಲ. 'ಗಣಪತಿಗೆ ಡಿಜೆ ತರಿಸಿದ್ದಾರೆ', 'ಡಿಜೆಗೆ ನಿಷೇಧ' ಎಂಬ ಕನ್ನಡದ ಪ್ರಯೋಗಗಳಲ್ಲಾಗಲಿ, ಕಾಶಿಯ ಹಿಂದಿಯಲ್ಲಾಗಲಿ ಡಿಜೆ ಎಂದರೆ ಪೆಟ್ಟಿಗೆಗಳ ಸಾಲು, ಅದನ್ನು ಹೊತ್ತ ವಾಹನ. ಮನುಷ್ಯವಾಚಕವು ಯಂತ್ರವಾಚಕವಾಗಿ ಅರ್ಥಪಲ್ಲಟಗೊಂಡಿದೆ. ನಮ್ಮ ಪ್ರಾಚೀನ ಕಾವ್ಯಗಳಲ್ಲಿ ಹೊಲೆಯನಿಗೆ 'ಅನಾಮಿಕ' ಎಂಬ ಪರ್ಯಾಯವಿದೆ. ಹೆಸರಿಲ್ಲದವನು, ಹೆಸರಿಗೆ ಬಾರದವನು ಎಂದರ್ಥ. ಯಂತ್ರದ ಹೆಸರಿನಲ್ಲಿ ಕರಗಿಹೋದ ಈ ಕಸುಬುದಾರನೂ ಆ ಅರ್ಥದಲ್ಲಿ ಅನಾಮಿಕನೇ. ಅವನ ಜಾತಿ ಯಾವುದೇ ಇರಲಿ, ಕಸುಬೇ ಅವನನ್ನು ಅಲ್ಲಿ ನಿಲ್ಲಿಸಿದೆ.

ಈ ಅನಾಮಿಕನ ಬದುಕಿಗೂ ಒಂದು ಕ್ರಮವಿದೆ. ಪೆಟ್ಟಿಗೆ ಹೊರುವ, ತಂತಿ ಜೋಡಿಸುವ ಹುಡುಗನಾಗಿ ಆರಂಭಿಸಿ, ಮಿಕ್ಸರ್ ಮುಂದೆ ಕೂರುವ ಹಂತಕ್ಕೆ ಏರಿ, ಮುಂದೆ ಸ್ವಂತ ಸೆಟ್ ಕೊಳ್ಳುವುದು ಈ ವೃತ್ತಿಯ ಏಣಿ. ಅವನ ವರ್ಷ ಪಂಚಾಂಗಕ್ಕೆ ಅಧೀನ. ಲಗ್ನದ ತಿಂಗಳುಗಳು, ಸರಸ್ವತೀ ಪೂಜೆ, ಹೋಳಿ, ಶ್ರಾವಣದ ಕಾವಡಿ ಯಾತ್ರೆ, ದುರ್ಗಾವಿಸರ್ಜನೆ ಇವು ದುಡಿಮೆಯ ಕಾಲ. ಖರ್ಮಾಸದಲ್ಲಿ ಮದುವೆಗಳಿಲ್ಲ, ಕರೆಯೂ ಇಲ್ಲ. ಬಿಡುವಿನಲ್ಲಿ ಮನೆಯ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಭೋಜಪುರಿ ಹಾಡುಗಳಿಗೆ, ಭಕ್ತಿಗೀತೆಗಳಿಗೆ ಹೊಸ ತಾಳ ಕೂಡಿಸಿ ರೀಮಿಕ್ಸ್ ಸಿದ್ಧಪಡಿಸುತ್ತಾನೆ. ಹಾಡಿನ ನಡುನಡುವೆ ತನ್ನ ಹೆಸರನ್ನೂ ಊರನ್ನೂ ಕೂಗುವ ಒಂದು ದನಿಯನ್ನು ಸೇರಿಸುತ್ತಾನೆ. ಕೇಳುಗರಿಗೆ ಕಿರಿಕಿರಿಯೆನಿಸುವ ಈ ಕೂಗು ವಿಮರ್ಶಕನಿಗೆ ಮುಖ್ಯವಾದುದು. ಇದು ಅವನ ಅಂಕಿತ. ವಚನಕಾರರ, ದಾಸರ ಅಂಕಿತಗಳು ಸಾಮಾನ್ಯವಾಗಿ ಇಷ್ಟದೈವದ ಹೆಸರನ್ನು ಹೊತ್ತು ಕರ್ತೃವನ್ನು ಮರೆಮಾಡುತ್ತವೆ. ಈತನ ಅಂಕಿತವಾದರೋ ಮರೆಯಲ್ಲಿರುವ ಕರ್ತೃವನ್ನು ಎಳೆದು ಮುಂದೆ ನಿಲ್ಲಿಸುತ್ತದೆ. ಲೋಕ ಕರೆಯದ ಹೆಸರನ್ನು ಅವನು ತಾನೇ ಕೂಗಿಕೊಳ್ಳಬೇಕಾಗಿದೆ.

ಪರರ ಹಾಡನ್ನು ನುಡಿಸುವವನಿಗೆ ಕರ್ತೃತ್ವವೆಲ್ಲಿಯದು ಎಂಬ ಆಕ್ಷೇಪಕ್ಕೆ ಕನ್ನಡ ಪರಂಪರೆಯಲ್ಲಿಯೇ ಉತ್ತರವಿದೆ. ಗಮಕಿ ಒಂದು ಸಾಲನ್ನೂ ರಚಿಸುವುದಿಲ್ಲ. ಆದರೆ ಯಾವ ಪದ್ಯವನ್ನು ಆಯಬೇಕು, ಯಾವ ರಾಗಕ್ಕೆ ಹೊರಳಬೇಕು, ಸಭೆಯ ಮನಸ್ಸು ಎಲ್ಲಿ ಸಡಿಲಗೊಂಡಿದೆ ಎಂಬುದನ್ನು ಅರಿತು ಷಟ್ಪದಿಯನ್ನು ಸಭೆಯಲ್ಲಿ ಜೀವಂತಗೊಳಿಸುತ್ತಾನೆ. ಆಯ್ಕೆ, ಅನುಕ್ರಮ, ಸಂದರ್ಭಜ್ಞಾನ ಈ ಮೂರನ್ನು ಗಮಕಿಯಲ್ಲಿ ಕಲೆಯೆಂದು ಮನ್ನಿಸುವ ನಾವು ಡಿಜೆಯಲ್ಲಿ ಅವನ್ನು ಕೇವಲ ಯಾಂತ್ರಿಕವೆಂದು ತಳ್ಳುವುದಕ್ಕೆ ಕಾರಣ ಕೊಡಬೇಕಾಗುತ್ತದೆ. ಎಲ್ಲ ಗಮಕಿಗಳೂ ಸಮರಲ್ಲ. ಎಲ್ಲ ಡಿಜೆಗಳೂ ಸಮರಲ್ಲ. ತಾರತಮ್ಯವನ್ನು ಅರಿಯಲು ಮೊದಲು ಕಿವಿಗೊಡಬೇಕು.

ಆದರೆ ಗಾಣರಾಣಿಯರ ವಾದ ಇಲ್ಲಿ ಒಂದು ಅನಿರೀಕ್ಷಿತ ತಿರುವು ಪಡೆಯುತ್ತದೆ. ಕೇಳುವುದು ಬೇರೆ, ಮುಟ್ಟುವುದು ಬೇರೆ ಎಂಬ ಅರಸನ ಗೆರೆಯನ್ನು ಈ ಸಂಗೀತ ಭೌತಿಕವಾಗಿಯೇ ಅಳಿಸುತ್ತದೆ. ಕೆಳಸ್ತರದ ಕಂಪನಗಳು ಕಿವಿಯಿಂದಷ್ಟೇ ಅಲ್ಲ, ಎದೆಗೂಡಿನಿಂದಲೂ ಅನುಭವಕ್ಕೆ ಬರುತ್ತವೆ. 'ವೈಬ್ರೇಶನ್' ಎಂಬುದು ಈ ರೀಮಿಕ್ಸ್‌ಗಳ ಒಂದು ಪ್ರಭೇದದ ಹೆಸರೇ ಆಗಿದೆ. ಇಲ್ಲಿ ನಾದವೇ ಸ್ಪರ್ಶ. ಆದ್ದರಿಂದಲೇ ನಮ್ಮ ಸಾದೃಶ್ಯದ ಮಿತಿಯನ್ನೂ ಹೇಳಬೇಕು. ಗಾಣರಾಣಿಯರು ಸ್ಪರ್ಶವನ್ನು ಬೇಡಿದರು, ಅರಸ ನಿರಾಕರಿಸಲು ಸ್ವತಂತ್ರನಿದ್ದ. ಡಿಜೆಯ ನಾದ ಕೇಳದೆಯೇ ಮುಟ್ಟುತ್ತದೆ. ಹಸುಗೂಸು, ಹೃದ್ರೋಗಿ, ಘಾಟಿನಲ್ಲಿ ತಂದೆಯ ಚಿತೆಯ ಮುಂದೆ ನಿಂತ ಮಗ, ಯಾರೂ ಅದನ್ನು ನಿರಾಕರಿಸಲಾರರು. ಶಬ್ದದ ಪ್ರಮಾಣ ಹತ್ತು ಡೆಸಿಬೆಲ್ ಏರಿದರೆ ಅದರ ತೀವ್ರತೆ ಹತ್ತು ಮಡಿಯಾಗುತ್ತದೆ. ೨೦೦೦ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು ೫೫, ರಾತ್ರಿ ೪೫ ಡೆಸಿಬೆಲ್‌ಗಳ ಮಿತಿ ವಿಧಿಸಿರುವುದು ಅರಸಿಕತೆಯಿಂದಲ್ಲ.

ಆದರೆ ಪ್ರಮಾಣಕ್ಕೆ ಮಿತಿ ಹಾಕುವುದು ಒಂದು, ಕಸುಬನ್ನೇ ಅಳಿಸುವುದು ಇನ್ನೊಂದು. ೨೦೧೯ರ ಆಗಸ್ಟ್‌ನಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯವು ಸ್ಥಳೀಯ ಶಬ್ದಮಾಲಿನ್ಯದ ದೂರೊಂದನ್ನು ವಿಚಾರಿಸುತ್ತ ಇಡೀ ಉತ್ತರ ಪ್ರದೇಶದಲ್ಲಿ ಡಿಜೆಗೆ ಅನುಮತಿ ಕೊಡಕೂಡದೆಂದು ಆದೇಶಿಸಿತು. ಕಾಶಿಯ ಡಿಜೆಗಳೂ ಅದರ ವ್ಯಾಪ್ತಿಗೆ ಬಂದರು. ವೃತ್ತಿನಿರತರು ಜೀವನೋಪಾಯದ ಹಕ್ಕನ್ನು ಮುಂದಿಟ್ಟು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ೨೦೨೧ರ ಜುಲೈನಲ್ಲಿ ಆ ಸಾರ್ವತ್ರಿಕ ನಿಷೇಧ ರದ್ದಾಯಿತು. ಮೂಲ ಅರ್ಜಿಯಲ್ಲಿ ಅಂಥ ಬೇಡಿಕೆ ಇರಲಿಲ್ಲ, ಬಾಧಿತರ ಅಹವಾಲನ್ನು ಆಲಿಸಿರಲಿಲ್ಲ ಎಂಬುದು ಅದಕ್ಕೆ ಕಾರಣ. ಊರಿಗೆಲ್ಲ ಕೇಳಿಸುವವರ ಮಾತನ್ನೇ ಯಾರೂ ಕೇಳಿರಲಿಲ್ಲ. ನ್ಯಾಯಾಲಯದ ಈ ತಾಂತ್ರಿಕ ಕಾರಣವೇ ಸಂಸ್ಕೃತಿ ವಿಮರ್ಶೆಯ ಕೇಂದ್ರ ಕಾರಣವೂ ಆಗಬೇಕೆಂದು ನಮ್ಮ ಅಭಿಪ್ರಾಯ.

ವಾರಾಣಸಿಯು ೨೦೧೫ರಲ್ಲಿ ಯುನೆಸ್ಕೊದ ಸಂಗೀತನಗರಗಳ ಸಾಲಿಗೆ ಸೇರಿತು. ಅಲ್ಲಿ ಸ್ಮರಿಸುವುದು ತಬಲೆಯ, ಠುಮರಿಯ, ಶಹನಾಯಿಯ ಪರಂಪರೆಗಳನ್ನು. ಶಹನಾಯಿಯೂ ಒಮ್ಮೆ ಮೆರವಣಿಗೆಯ, ಹೆಬ್ಬಾಗಿಲ ಹೊರಗಿನ ವಾದ್ಯವೇ ಆಗಿತ್ತು. ೨೦೦೧ರಲ್ಲಿ ಭಾರತರತ್ನ ಪಡೆದ ಬಿಸ್ಮಿಲ್ಲಾ ಖಾನರ ಪ್ರತಿಭೆಯ ಜೊತೆಗೆ, ನುಡಿಸಿದವರ ಹೆಸರನ್ನು ಮನೆಮನೆಗೆ ಮುಟ್ಟಿಸಿದ ಬಾನುಲಿ ಮತ್ತು ಧ್ವನಿಮುದ್ರಿಕೆಗಳೂ ಆ ವಾದ್ಯವನ್ನು ಸಭಾಮಂಟಪಕ್ಕೆ ಏರಿಸಿದವು. ೨೦೨೪ರಲ್ಲಿ ಜರ್ಮನಿ ಬರ್ಲಿನ್ನಿನ ಟೆಕ್ನೊ ಸಂಸ್ಕೃತಿಯನ್ನು ತನ್ನ ಅಮೂರ್ತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ನಮ್ಮಲ್ಲಿಯೂ ೨೦೦೭ರಲ್ಲಿ ಗೋವಾದಲ್ಲಿ ಆರಂಭವಾದ ಸನ್‌ಬರ್ನ್ ಉತ್ಸವದಂಥ ವೇದಿಕೆಗಳಲ್ಲಿ ಬೆಂಗಳೂರಿನ ನಿಖಿಲ್ ಚಿನ್ನಪ್ಪ ಅವರಂಥ ಡಿಜೆಗಳಿಗೆ ಹೆಸರಿದೆ, ಸಂದರ್ಶನಗಳಿವೆ, ಚರಿತ್ರೆಯಿದೆ. ಟಿಕೆಟ್ ಕೊಂಡು ಬಂದವರ ಮುಂದೆ ನುಡಿಸಿದರೆ ಕಲಾವಿದ, ಬೀದಿಯಲ್ಲಿ ನುಡಿಸಿದರೆ ಉಪದ್ರವ ಎಂಬ ಈ ಭೇದ ನಾದದಿಂದ ಬಂದುದಲ್ಲ. ಅದು ಸತ್ತಿಗೆಯ ಭೇದ.

ಹೊರನಾಡಿನಲ್ಲಿ ಕನ್ನಡ ಸಂಶೋಧನೆಯಲ್ಲಿ ತೊಡಗಿರುವವರಿಗೆ ಇಲ್ಲೊಂದು ಕಾರ್ಯಕ್ಷೇತ್ರವಿದೆ. ಹರಿಶ್ಚಂದ್ರಕಾವ್ಯದ ಪಾಠಾಂತರಗಳನ್ನು ಹೋಲಿಸುವಷ್ಟೇ ಎಚ್ಚರದಿಂದ ಈ ರೀಮಿಕ್ಸ್‌ಗಳ ಪಾಠಾಂತರಗಳನ್ನು, ಅವುಗಳ ಅಂಕಿತಗಳನ್ನು, ಕಸುಬಿನ ನುಡಿಗಟ್ಟನ್ನು, ದುಡಿಮೆಯ ಲೆಕ್ಕವನ್ನು ದಾಖಲಿಸಬಹುದು. ಗೀತೆಗಳು ಅಳಿಸಿಹೋಗುವ ವೇಗ ಓಲೆಗರಿಗೆ ಹುಳು ಬೀಳುವುದಕ್ಕಿಂತ ಹೆಚ್ಚು. ಸಂಜೆಯ ಸದ್ದನ್ನು ತಗ್ಗಿಸಲು ಕೇಳುವ ಹಕ್ಕು ನಮಗಿದೆ. ಆದರೆ ಹಾಗೆ ಕೇಳುವಾಗ ಎದುರಿಗಿರುವುದು ಪೆಟ್ಟಿಗೆಯಲ್ಲ, ಹೆಸರುಳ್ಳ ಒಬ್ಬ ಮನುಷ್ಯ ಎಂಬುದನ್ನು ಅರಿತು ಕೇಳಿದರೆ, ರಾಘವಾಂಕನ ಅರಸ ಉಳಿಸಿಹೋದ ಉತ್ತರದ ಒಂದಂಶವನ್ನಾದರೂ ಕೊಟ್ಟಂತಾಗುತ್ತದೆ.