ಹುಟ್ಟು ಹಾಕುವವನ ಇಂಗ್ಲಿಷು

ಅಮೆರಿಕದ ಕಾಲೇಜು ಸೇರಲು ಬರೆಯುವ ಎಸ್‌ಎಟಿ ಪರೀಕ್ಷೆಯಲ್ಲಿ ಹಿಂದೆ ಒಂದು ಪ್ರಶ್ನೆಯಿತ್ತು: ಓಟಗಾರನಿಗೆ ಮ್ಯಾರಥಾನ್ ಹೇಗೋ ಹಾಗೆ ಹುಟ್ಟು ಹಾಕುವವನಿಗೆ ಯಾವುದು? ಉತ್ತರ 'ರೆಗಾಟ', ಅಂದರೆ ದೋಣಿ ಪಂದ್ಯ. ಉಳ್ಳವರ ಕ್ಲಬ್ಬಿನ ಮಾತು. ಕಪ್ಪು ಜನರ ಕೇರಿಯ ಹುಡುಗ ಅದನ್ನು ಎಲ್ಲಿ ಕೇಳಬೇಕು? (ಹುಟ್ಟು ಹಾಕಿಯೇ ಹೊಟ್ಟೆ ಹೊರೆಯುವ ನಮ್ಮ ಅಂಬಿಗನಿಗೂ ಗೊತ್ತಿಲ್ಲ ಬಿಡಿ!) ಇದು ಬುದ್ಧಿಯ ಅಳತೆಯೋ, ಮನೆತನದ ಅಳತೆಯೋ? ಟೀಕೆ ಎದ್ದಿತು. 2005ರಲ್ಲಿ ಈ ಬಗೆಯ ಪ್ರಶ್ನೆಗಳನ್ನೇ ಕೈಬಿಟ್ಟರು. ನಮ್ಮ ಹುಡುಗರೂ ಬರೆಯುವ ಜಿಆರ್‌ಇಯಲ್ಲಿ 2011ರಲ್ಲಿ ವಿರುದ್ಧಪದಗಳೂ ಹೋದವು. ಈಗ ವಾಕ್ಯದ ಖಾಲಿ ಜಾಗ ತುಂಬಬೇಕು. ಪದಗಳು ಮಾತ್ರ ಅವೇ ದುಬಾರಿ ಪದಗಳು. ಹಳ್ಳಿಯ ಹುಡುಗಿ ಪಟ್ಟಿ ಹಿಡಿದು ಉರು ಹೊಡೆಯುತ್ತಾಳೆ. ಕಡುಬಡತನಕ್ಕೆ 'ಪೆನ್ಯುರಿ' ಅಂತಾರಂತೆ. ಅದನ್ನೇ ಉಂಡು ಬೆಳೆದವಳಿಗೆ ಹೆಸರು ಗೊತ್ತಿಲ್ಲ ಅಂತ ಅಂಕವಿಲ್ಲ. ಹೆಸರು ಮಾತ್ರ ಗೊತ್ತಿದ್ದವನಿಗೆ ಸೀಟು.