ಸೋಗೆಯ ತಟ್ಟಿಯೂ ನೊರೆಯ ಹಲಗೆಯೂ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಕೆಯ ಸೀಮೆಯಲ್ಲಿ ರೋಹಿಣಿ ಮಳೆ ಮುಗಿದು ಮೃಗಶಿರೆ ಹಿಡಿಯುವುದರೊಳಗೆ ಮನೆಗೆ ತಟ್ಟಿ ಕಟ್ಟಿ ಪೂರೈಸದ ಗೃಹಸ್ಥನು, ಉಳಿದ ವ್ಯವಹಾರಗಳಲ್ಲಿ ಎಷ್ಟೇ ಸಮರ್ಥನಾಗಿದ್ದರೂ, ನೆರೆಹೊರೆಯವರ ದೃಷ್ಟಿಯಲ್ಲಿ ಕೊಂಚ ಸೋಮಾರಿಯೇ ಸರಿ. ತೋಟದಲ್ಲಿ ಉದುರಿದ ಒಣಸೋಗೆಯನ್ನು ಬೇಸಗೆಯುದ್ದಕ್ಕೂ ಹೊತ್ತು ತಂದು ಒಟ್ಟಿಟ್ಟು, ಅಡಕೆಮರವನ್ನು ಸೀಳಿ ಮಾಡಿದ ದಬ್ಬೆಗಳ ನಡುವೆ ಅದನ್ನು ಒತ್ತೊತ್ತಾಗಿ ಜೋಡಿಸಿ ಬಿಗಿದು, ಗಾಳಿಮಳೆ ಬಂದು ಅಪ್ಪಳಿಸುವ ಪಡುವಣ ಮತ್ತು ತೆಂಕಣ ಪಾರ್ಶ್ವಗಳಲ್ಲಿ ಮಾಡಿನ ಅಂಚಿನಿಂದ ನೆಲದವರೆಗೆ ಇಳಿಬಿಡುವ ಈ ಹೊದಿಕೆಯನ್ನು ವಾಸ್ತುಶಿಲ್ಪದ ಅಂಗವೆಂದು ಗಣಿಸಿದವರು ವಿರಳ. ಗೋಡೆಯ ಚಿತ್ತಾರಕ್ಕೂ ಕಂಬದ ಕೆತ್ತನೆಗೂ ಸಲ್ಲುವ ಗೌರವ ಇದಕ್ಕೆ ಸಂದಿಲ್ಲ. ಆದರೆ ಆ ಚಿತ್ತಾರವೂ ಆ ಕಂಬವೂ ತಲೆಮಾರುಗಳ ಕಾಲ ಬಾಳಿ ಬಂದುದು ಇದರ ಮರೆಯಲ್ಲಿ ಎಂಬುದನ್ನು ನೆನೆದಾಗ, ಈ ಉಪೇಕ್ಷೆ ನ್ಯಾಯವಾದುದಲ್ಲವೆಂದು ನನಗೆ ತೋರುತ್ತದೆ.

ಈ ವಿಚಾರ ನನ್ನ ಮನಸ್ಸಿನಲ್ಲಿ ಎದ್ದುದು ಬಹಳ ದೂರದ ಒಂದು ನಿಮಿತ್ತದಿಂದ. ಅಮೆರಿಕದ ಮಿನ್ನೆಸೋಟದಲ್ಲಿ ನೆಲೆಸಿರುವ ನಮ್ಮ ಕುಟುಂಬದ ಹುಡುಗನೊಬ್ಬನು ತಾನು ಕಟ್ಟಿಸುತ್ತಿದ್ದ ಮನೆಯ ಚಿತ್ರವನ್ನು ಕಳುಹಿಸಿ, ‘ಇಲ್ಲಿಯೂ ತಟ್ಟಿ ಕಟ್ಟುತ್ತಾರೆ, ಆದರೆ ಮಣ್ಣಿನೊಳಗೆ’ ಎಂದು ವಿನೋದವಾಗಿ ಬರೆದಿದ್ದನು. ಚಿತ್ರದಲ್ಲಿ ಅಗೆದ ಹೊಂಡವೊಂದರೊಳಗೆ ಕಾಂಕ್ರೀಟಿನ ಗೋಡೆ. ಅದರ ಹೊರಮೈಗೆ ಅಂಟಿಸಿದ ತಿಳಿಬಣ್ಣದ ಹಲಗೆಗಳು. ಅವು ನಾವು ಥರ್ಮಾಕೋಲ್ ಎನ್ನುವ ವಸ್ತುವಿನದೇ ಕುಲದವು, ಆದರೆ ಅದಕ್ಕಿಂತ ಬಿಗಿಯಾದ, ನೀರು ಹೀರದ ಗಟ್ಟಿನೊರೆಯವು. ಆ ಪ್ರಾಂತದ ದಕ್ಷಿಣಭಾಗದಲ್ಲಿ 42 ಇಂಚು, ಉತ್ತರಭಾಗದಲ್ಲಿ 60 ಇಂಚು ಆಳಕ್ಕೆ ಅಡಿಪಾಯವನ್ನು ಇಳಿಸಬೇಕೆಂಬ ನಿಯಮವಿರುವುದು, ಚಳಿಗಾಲದಲ್ಲಿ ನೆಲದ ನೀರು ಅಷ್ಟು ಆಳದವರೆಗೂ ಹೆಪ್ಪುಗಟ್ಟಿ, ಉಬ್ಬಿ, ಮನೆಯನ್ನೇ ಎತ್ತಿಬಿಡುವ ಭಯದಿಂದ. ನೆಲದೊಳಗಿನ ಕೋಣೆಯನ್ನು ಬೆಚ್ಚಗಿಡಲು ಉರಿಸಿದ ಇಂಧನದ ಶಾಖ ಗೋಡೆಯ ಮೂಲಕ ಮಣ್ಣಿಗೆ ಸೋರಿಹೋಗದಂತೆ ತಡೆಯುವುದು ಆ ಹಲಗೆಯ ಕಾರ್ಯ. ತಡೆಯುವುದು ಹಲಗೆಯ ವಸ್ತುವಲ್ಲ, ಅದರ ಸೂಕ್ಷ್ಮಕೋಶಗಳಲ್ಲಿ ಸೆರೆಯಾಗಿ ನಿಶ್ಚಲವಾದ ಅನಿಲ. ಹೊದಿಕೆಯನ್ನು ಒಳಗೆ ಹಚ್ಚದೆ ಹೊರಗೆ ಹಚ್ಚಿದರೆ ಗೋಡೆಯೂ ಬೆಚ್ಚಗಿನ ಪಕ್ಷಕ್ಕೆ ಸೇರಿ, ಅದರ ಒಳಮೈಯಲ್ಲಿ ಬೆವರು ಮೂಡುವುದಿಲ್ಲ. ಸೂತ್ರ ನಿರ್ದುಷ್ಟವಾದುದು, ಕಂಬಳಿಯನ್ನು ಹೊದ್ದುಕೊಳ್ಳಬೇಕೇ ಹೊರತು ನುಂಗಬಾರದಷ್ಟೆ.

ನಮ್ಮ ಘಟ್ಟದ ಮೇಲೆ ನೆಲ ಹೆಪ್ಪುಗಟ್ಟುವುದಿಲ್ಲ. ಇಲ್ಲಿಯ ಶತ್ರು ಶೀತವಲ್ಲ, ಶೀತವನ್ನು ಹೊತ್ತು ತರುವ ನೀರು. ಅದೂ ನೇರವಾಗಿ ಮೇಲಿನಿಂದ ಬೀಳುವ ನೀರಿಗಿಂತ, ಅಡ್ಡಗಾಳಿಗೆ ಸಿಕ್ಕಿ ಬರುವ ಇರಚಲು ಮತ್ತು ಮಾಡಿನಿಂದ ಇಳಿದ ಧಾರೆ ಅಂಗಳಕ್ಕೆ ಬಡಿದು ಗೋಡೆಯ ಬುಡಕ್ಕೆ ಸಿಡಿಯುವ ಕೆಸರು ಹೆಚ್ಚು ಅಪಾಯಕರ. ಕೆಮ್ಮಣ್ಣಿನ ಗೋಡೆ ತಲೆಯ ಮೇಲೆ ಮಾಡು ಗಟ್ಟಿಯಾಗಿದ್ದರೆ ನೂರು ವರ್ಷ ನಿಲ್ಲಬಲ್ಲುದು. ಬುಡ ನೆನೆದರೆ ಒಂದೇ ಮಳೆಗಾಲದಲ್ಲಿ ಕುಳಿತುಬಿಡುತ್ತದೆ. ಆದುದರಿಂದಲೇ ಹಿರಿಯರು ಕಲ್ಲಿನ ಪಂಚಾಂಗವನ್ನು ಎತ್ತರಿಸಿದರು, ಮಾಡನ್ನು ಗೋಡೆಯಿಂದ ಬಲುದೂರ ಚಾಚಿದರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯ ಹಂಚು ಕ್ರಮೇಣ ಸೋಗೆಯ ಮಾಡಿನ ಸ್ಥಾನವನ್ನು ಆಕ್ರಮಿಸಿದ ಮೇಲೂ, ಗೋಡೆಗೆ ಸೋಗೆಯ ಅಂಗಿ ತೊಡಿಸುವ ಪದ್ಧತಿ ಮಾತ್ರ ಬಿಡಲಿಲ್ಲ. ತಲೆಗೆ ಹಂಚು ಬಂದರೂ ಮೈಗೆ ಸೋಗೆಯೇ ಗತಿಯಾಯಿತು.

ತಟ್ಟಿಯ ಗುಣವನ್ನು ಬಲ್ಲವರು ಅದರ ದಪ್ಪವನ್ನು ಹೊಗಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹೊಗಳಬೇಕಾದುದು ಅದಕ್ಕೂ ಗೋಡೆಗೂ ನಡುವೆ ಬಿಡುವ ಅಂತರವನ್ನು. ಸೋಗೆಯ ಎಲೆಗಳು ಕೆಳಮುಖವಾಗಿ ಒಂದರ ಮೇಲೊಂದು ಬಾಗಿರುವುದರಿಂದ ಹನಿಯು ಎಲೆಯಿಂದ ಎಲೆಗೆ ಜಾರಿ ನೆಲ ಸೇರುತ್ತದೆ. ಒಳಗೆ ನುಸುಳಿದ ಅಲ್ಪಸ್ವಲ್ಪ ತೇವವನ್ನು ಹಿಂದಿನ ಓಣಿಯಂಥ ಸಂದಿನಲ್ಲಿ ಸುಳಿಯುವ ಗಾಳಿ ಹೀರಿಕೊಳ್ಳುತ್ತದೆ. ನೀರನ್ನು ತಡೆಯುತ್ತಲೇ ಉಸಿರಾಡಗೊಡುವ ಈ ಇಬ್ಬಗೆಯ ಕೆಲಸವನ್ನು ಎಷ್ಟು ಸರಳವಾಗಿ ಸಾಧಿಸಿದ್ದಾರೆಂದರೆ, ಸಾಧಿಸಿದ್ದಾರೆಂಬುದೇ ಕಣ್ಣಿಗೆ ಬೀಳುವುದಿಲ್ಲ.

ಬಿದ್ದುದು ನನಗೆ ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ, ಕಟ್ಟಲು ಆಳು ಸಿಕ್ಕದೆ, ಹಿಂಬದಿಯ ಮಣ್ಣುಗೋಡೆಗೆ ಪೇಟೆಯಿಂದ ತಂದ ನೀಲಿ ತಾಡಪಾಲನ್ನು ಮೈಗೆ ಹತ್ತುವಂತೆ ಎಳೆದು ಕಟ್ಟಿಸಿದೆ. ಹೊರಗಿನ ಒಂದು ಹನಿಯೂ ಒಳಬರಲಿಲ್ಲವೆಂಬ ಹೆಮ್ಮೆಯಲ್ಲಿ ನಾಲ್ಕು ತಿಂಗಳು ಕಳೆದು, ದೀಪಾವಳಿಯ ಮುನ್ನ ಬಿಚ್ಚಿದರೆ, ಗೋಡೆಗೆ ಕಪ್ಪು ಬೂಸಲು ಹಿಡಿದು, ಬುಡದ ಗಿಲಾವು ಬೆರಳಿಗೆ ಉದುರುತ್ತಿತ್ತು. ನೆಲದಿಂದ ಏರಿದ ತೇವ ಹೊರಬೀಳಲು ದಾರಿಯಿಲ್ಲದೆ ಅಲ್ಲಿಯೇ ಬೀಡುಬಿಟ್ಟಿತ್ತು. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಹಚ್ಚಿಸಿ ‘ಭದ್ರ’ಗೊಳಿಸಿದ ಅನೇಕ ಮನೆಗಳ ಗತಿಯೂ ಇದೇ.

ಹೀಗಿರಲು, ಆ ನೊರೆಯ ಹಲಗೆಯನ್ನು ಇಲ್ಲಿಗೆ ತಂದರೇನು ಎಂದು ಕೇಳುವವರಿಗೆ ನನ್ನ ಉತ್ತರ ಸ್ಪಷ್ಟವಾದುದು: ಉಳಿಸಲು ಒಳಗೆ ಶಾಖವಿಲ್ಲದಲ್ಲಿ ಅದು ವ್ಯರ್ಥ, ಒರಲೆಯಿರುವಲ್ಲಿ ಅದು ಅನರ್ಥ. ಒರಲೆಗೆ ಈ ನೊರೆ ಆಹಾರವಲ್ಲ. ಆದರೆ ಅದನ್ನು ಕೊರೆದು, ಯಾರ ಕಣ್ಣಿಗೂ ಬೀಳದೆ ನೆಲದಿಂದ ಮರದ ತೊಲೆಯವರೆಗೆ ಏರುವ ರಾಜಮಾರ್ಗವನ್ನಾಗಿ ಮಾಡಿಕೊಳ್ಳುತ್ತದೆ. ಅಮೆರಿಕದಲ್ಲಿಯೇ ಒರಲೆಯ ಬಾಧೆ ಅತಿಶಯವಾದ ದಕ್ಷಿಣ ಪ್ರಾಂತಗಳಲ್ಲಿ, ನೆಲಮಟ್ಟದ ಕೆಳಗೆ ಇಂಥ ಹಲಗೆ ಹಚ್ಚುವುದನ್ನು ಕಟ್ಟಡದ ನಿಯಮಾವಳಿಗಳು ನಿರ್ಬಂಧಿಸಿವೆ. ಒರಲೆ ಸೋಗೆಗೂ ಹತ್ತುವುದು ನಿಜ; ಹೆಚ್ಚೂ ಹತ್ತುತ್ತದೆ. ಆದರೆ ಅಲ್ಲಿ ಅದು ಮಣ್ಣಿನ ಗೆರೆಯೆಳೆದು ಬಹಿರಂಗವಾಗಿ ಏರುತ್ತದೆ, ಮತ್ತು ಅಡಕೆ ಕೊಯ್ಲಿನ ಹೊತ್ತಿಗೆ ತಟ್ಟಿಯೇ ಬಿಚ್ಚಿಹೋಗುತ್ತದೆ. ವರ್ಷಕ್ಕೊಮ್ಮೆ ಗೋಡೆಯ ಬುಡವನ್ನು ಬೆಳಕಿಗೆ ಒಡ್ಡಿ ಪರೀಕ್ಷಿಸಲು ಮನೆಯವರನ್ನು ಬಲಾತ್ಕರಿಸುವುದು ಈ ಪದ್ಧತಿಯ ದೋಷವೆಂದು ಕೆಲವರು ಎಣಿಸುತ್ತಾರೆ. ನಾನು ಅದನ್ನೇ ಅದರ ಶ್ರೇಷ್ಠ ಗುಣವೆಂದು ಎಣಿಸುತ್ತೇನೆ. ಬಿಚ್ಚಿದ ಸೋಗೆ ಕೊಟ್ಟಿಗೆಗೆ ಹೋಗಿ, ಅಲ್ಲಿಂದ ಗೊಬ್ಬರದ ಗುಂಡಿಗೆ ಹೋಗಿ, ಕೊನೆಗೆ ಬಂದ ಮರದ ಬುಡಕ್ಕೇ ಮರಳುತ್ತದೆ. ನೊರೆಯ ಹಲಗೆಗೆ ಅಂಥ ಪುನರ್ಜನ್ಮವಿಲ್ಲ.

ಇಷ್ಟು ಹೇಳಿದ ಮೇಲೆ ತಟ್ಟಿಯ ಪಕ್ಷಪಾತಿಯೆಂಬ ಅಪವಾದ ನನಗೆ ಬಾರದಿರಲೆಂದು ಇದನ್ನೂ ಹೇಳಬೇಕು. ಅದರ ಹಿಂದಿನ ಬದುಕು ಕತ್ತಲೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಗುಲಿಯಲ್ಲಿ ಹಗಲಿನಲ್ಲಿಯೇ ದೀಪ ಬೇಕು. ಆ ಸಂದಿನಲ್ಲಿ ಇಲಿ ಸೇರುತ್ತದೆ, ಇಲಿಯನ್ನರಸಿ ಹಾವು ಬರುತ್ತದೆ. ಒಣಗಿದಾಗ ಒಂದು ಕಿಡಿ ಸಾಕು. ಸೋಗೆ ಒಟ್ಟುವ, ದಬ್ಬೆ ಸೀಳುವ, ಬಿಗಿದು ಕಟ್ಟುವ ಶ್ರಮವನ್ನೆಲ್ಲ ‘ಪರಂಪರೆ’ ಎಂಬ ಒಂದು ಶಬ್ದದಿಂದ ಸಿಂಗರಿಸುವವರು ಪ್ರಾಯಶಃ ಒಂದು ತಟ್ಟಿಯನ್ನೂ ಕಟ್ಟಿದವರಲ್ಲ. ತಾಡಪಾಲು ಬಂದುದು ಜನರ ಅಜ್ಞಾನದಿಂದಲ್ಲ. ಮಕ್ಕಳು ಬೆಂಗಳೂರಿಗೆ ಹೋದುದರಿಂದ, ಆಳು ದುರ್ಲಭವಾದುದರಿಂದ.

ಈ ವರ್ಷ ನಮ್ಮ ಮನೆಯಲ್ಲಿ ಒಪ್ಪಂದವೊಂದು ಆಗಿದೆ. ಪಡುವಣ ಬದಿಗೆ ಸೋಗೆಯ ತಟ್ಟಿ. ಹಿಂಬದಿಗೆ ಅದೇ ನೀಲಿ ತಾಡಪಾಲು, ಆದರೆ ಗೋಡೆಯಿಂದ ಒಂದು ಮೊಳ ದೂರಕ್ಕೆ ದಬ್ಬೆ ನಿಲ್ಲಿಸಿ, ಕೆಳಗೆ ಗೇಣು ಜಾಗ ಬಿಟ್ಟು ಕಟ್ಟಿದ್ದು. ಆರಿದ್ರೆಯ ಮಳೆ ಹಿಡಿದು ಎಂಟು ದಿನವಾಯಿತು. ನಿನ್ನೆ ಸಂಜೆ ಒಳಗೆ ಕೈಯಾಡಿಸಿ ನೋಡಿದೆ, ಗೋಡೆ ತಣ್ಣಗಿತ್ತು, ಒದ್ದೆಯಾಗಿರಲಿಲ್ಲ.